ಕ್ರೋಶಾ ಪ್ಯಾಟರ್ನನ್ನು ಕನ್ನಡದಲ್ಲಿ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ರಂಗೋಲಿ ಪುಸ್ತಕದಲ್ಲಿ ಚಿತ್ರದ ಕೆಳಗೆ ‘15 ಚುಕ್ಕಿ, ಸಂದು ಚುಕ್ಕಿ, 8 ಬರುವವರೆಗೆ’ ಎಂದು ಒಂದು ಸಾಲು ಬರೆದಿದ್ದರೆ ಸಾಕು. ನಡುವೆ 15 ಚುಕ್ಕಿಯ ಸಾಲನ್ನಿಟ್ಟು, ಮೇಲಕ್ಕೂ ಕೆಳಕ್ಕೂ ಒಂದೊಂದು ಚುಕ್ಕಿ ಕಡಿಮೆ ಮಾಡುತ್ತ, ಎರಡು ಚುಕ್ಕಿಗಳ ಸಂದಿಗೆ ಒಂದು ಬರುವಂತೆ ಇಟ್ಟುಕೊಂಡು ಹೋಗಬೇಕೆಂಬುದು ಅಂಗಳದಲ್ಲಿ ಕುಳಿತವರಿಗೆ ತಾನಾಗಿ ತಿಳಿಯುತ್ತದೆ. ಆ ಸಾಲು ಅಷ್ಟು ಚಿಕ್ಕದಾಗಿರಲು ಸಾಧ್ಯವಾದದ್ದು, ಅದರ ಹಿಂದಿನ ನಿಯಮ ಬರೆದವರಿಗೂ ಓದುವವರಿಗೂ ಮೊದಲೇ ಗೊತ್ತಿರುವುದರಿಂದ. ಕೊಕ್ಕೆಯ ಕಡ್ಡಿಯಿಂದ ದಾರವನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವ ಕ್ರೋಶಾಕ್ಕೆ ಕನ್ನಡದಲ್ಲಿ ಅಂಥ ಒಪ್ಪಿತ ನಿಯಮ ಇನ್ನೂ ನೆಲೆಗೊಂಡಿಲ್ಲ. ಸೀರೆಗೆ ಕುಚ್ಚು ಹಾಕುವವರು ಒಂದು ಮಾತು ಬಳಸುತ್ತಾರೆ, ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತವರು ಇನ್ನೊಂದು, ಇಂಗ್ಲಿಷ್ ಪುಸ್ತಕದಿಂದ ಕಲಿತವರು ಮತ್ತೊಂದು. ಆದ್ದರಿಂದ ನಾವು ಬರೆಯುವ ಪ್ರತಿಯೊಂದು ಪ್ಯಾಟರ್ನೂ, ಅಂದರೆ ಹೆಣೆಯುವ ಕ್ರಮದ ಬರಹವೂ, ತನ್ನ ನಿಯಮವನ್ನು ತಾನೇ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಮಲ್ಲೇಶ್ವರದ ನಮ್ಮ ಮನೆಯ ವರಾಂಡದಲ್ಲಿ ಶನಿವಾರ ಸಂಜೆ ನೆರೆಹೊರೆಯ ಕೆಲವರು ಕ್ರೋಶಾ ಹಾಕಲು ಸೇರುತ್ತಾರೆ. ಅವರಿಗೆಂದು ನಾನು ಬರೆದುಕೊಟ್ಟ ಹಾಳೆಗಳು, ಆ ಹಾಳೆಗಳನ್ನು ಹಿಡಿದು ಅವರು ಎಲ್ಲಿ ತಡವರಿಸಿದರು ಎಂಬ ನೆನಪು, ಇವೆರಡರಿಂದ ಈ ಬರಹ ಹುಟ್ಟಿದೆ. ಇದರಲ್ಲಿ ಹಲವು ನನ್ನ ಅಭಿರುಚಿಯ ಸಂಗತಿಗಳು, ಅವುಗಳನ್ನು ನೀವು ಒಪ್ಪದಿರಬಹುದು. ಕೆಲವು ಅಭಿರುಚಿಯಲ್ಲ, ಲೆಕ್ಕ. ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಲು ಯತ್ನಿಸಿದ್ದೇನೆ. ನನ್ನ ಮುಖ್ಯ ಬೇಡಿಕೆ ಒಂದೇ: ಕುಕ್ಕರ್ ಕೂಗಿತೆಂದು ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದುಹೋದವರು ಮರಳಿ ಬಂದು ಕುಳಿತಾಗ, ತಾವು ಎಲ್ಲಿದ್ದೇವೆ, ಇಲ್ಲಿಯವರೆಗೆ ಹಾಕಿದ್ದು ಸರಿಯಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಯಾರನ್ನೂ ಕೇಳದೆ ಹಾಳೆಯಿಂದಲೇ ಉತ್ತರ ಪಡೆಯುವಂತಿರಬೇಕು.

ಮೊದಲ ಹೆಜ್ಜೆ: ಹೆಸರುಗಳನ್ನು ಗೊತ್ತುಮಾಡಿಕೊಳ್ಳಿ

ಬರೆಯಲು ಕೂರುವ ಮೊದಲು, ನೀವು ಬಳಸಲಿರುವ ಸ್ಟಿಚ್ಚುಗಳಿಗೆ ಯಾವ ಹೆಸರಿಡುತ್ತೀರಿ ಎಂಬುದನ್ನು ತೀರ್ಮಾನಿಸಿ, ಅದನ್ನು ಹಾಳೆಯ ತಲೆಯ ಮೇಲೆಯೇ ಬರೆಯಬೇಕು. ಇದು ಏಕೆ ಇಷ್ಟು ಮುಖ್ಯ ಎಂಬುದನ್ನು ನಾನು ಕಲಿತದ್ದು ಒಂದು ಮೇಜಿನ ಹಾಸಿನಿಂದ. ನಮ್ಮ ತಾಯಿಯ ಟ್ರಂಕಿನಲ್ಲಿದ್ದ ಹಳೆಯ ಇಂಗ್ಲಿಷ್ ಕರಪತ್ರವೊಂದನ್ನು ನೋಡಿಕೊಂಡು ಆ ಹಾಸನ್ನು ಆರಂಭಿಸಿದ್ದೆ. ಅದರಲ್ಲಿ ‘ಡಿಸಿ’ ಎಂದು ಬರೆದಲ್ಲೆಲ್ಲ ನಾನು ವಿಡಿಯೊಗಳಲ್ಲಿ ನೋಡಿ ಕಲಿತಿದ್ದ ಡಬಲ್ ಕ್ರೋಶಾವನ್ನೇ ಹಾಕುತ್ತ ಹೋದೆ. ಹತ್ತು ಸಾಲು ಮುಗಿಯುವಷ್ಟರಲ್ಲಿ ಹಾಸು ಚಿತ್ರದಲ್ಲಿದ್ದುದಕ್ಕಿಂತ ಸುಮಾರು ಎರಡರಷ್ಟು ಎತ್ತರ ಬೆಳೆದಿತ್ತು, ಅಂಚು ಜಾಳಾಗಿ ಜೋತುಬಿದ್ದಿತ್ತು. ದಾರವನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಿದ ಮೇಲೆ ಕಾರಣ ತಿಳಿಯಿತು: ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುವುದು ಅಮೆರಿಕದವರ ಸಿಂಗಲ್ ಕ್ರೋಶಾ. ಅಮೆರಿಕದ ಹಾಫ್ ಡಬಲ್ ಬ್ರಿಟನ್ನಿನಲ್ಲಿ ಹಾಫ್ ಟ್ರೆಬಲ್; ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್; ಅಮೆರಿಕದ ಟ್ರೆಬಲ್ ಅಲ್ಲಿ ಡಬಲ್ ಟ್ರೆಬಲ್. ಒಂದೊಂದು ಮೆಟ್ಟಿಲು ಸರಿದಿರುವ ಈ ಹೆಸರುಗಳಲ್ಲಿ ಚೈನ್ (ಕುಣಿಕೆಗಳ ಸರಪಣಿ) ಮತ್ತು ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ, ಸೇರಿಸಲು ಹಾಕುವ ಸ್ಟಿಚ್) ಮಾತ್ರ ಎರಡೂ ಕಡೆ ಒಂದೇ.

ಇಂಗ್ಲಿಷಿನ ಪ್ಯಾಟರ್ನೊಂದನ್ನು ಕನ್ನಡಕ್ಕೆ ಇಳಿಸುವಾಗ ಅದು ಯಾವ ಕಡೆಯದು ಎಂದು ಪತ್ತೆ ಹಚ್ಚಲು ಮೂರು ಗುರುತುಗಳಿವೆ. ‘ಸಿಂಗಲ್ ಕ್ರೋಶಾ’ ಎಂಬ ಹೆಸರು ಎಲ್ಲಾದರೂ ಕಂಡರೆ ಅದು ಬಹುಮಟ್ಟಿಗೆ ಅಮೆರಿಕದ್ದೇ, ಏಕೆಂದರೆ ಈಗಿನ ಬ್ರಿಟಿಷ್ ಪ್ಯಾಟರ್ನುಗಳಲ್ಲಿ ಆ ಹೆಸರಿನ ಬಳಕೆ ಇಲ್ಲ. ಬಿಗಿತದ ಅಳತೆಯನ್ನು, ಅಂದರೆ ಇಷ್ಟು ಜಾಗದಲ್ಲಿ ಎಷ್ಟು ಸ್ಟಿಚ್ ಎಂಬುದನ್ನು, ‘ಟೆನ್ಶನ್’ ಎಂದಿದ್ದರೆ ಬ್ರಿಟಿಷ್, ‘ಗೇಜ್’ ಎಂದಿದ್ದರೆ ಅಮೆರಿಕನ್. ಮೂರನೆಯದೇ ನನಗೆ ಹೆಚ್ಚು ನೆಚ್ಚಿನದು: ಸಾಲಿನ ಮೊದಲಿಗೆ ಎಷ್ಟು ಚೈನ್ ಹಾಕಲು ಹೇಳಿದ್ದಾರೆ ಎಂದು ನೋಡುವುದು. ‘ಡಿಸಿ’ಯ ಸಾಲಿಗೆ 3 ಚೈನ್ ಏರಿಸಲು ಹೇಳಿದ್ದರೆ ಅದು ಅಮೆರಿಕದ ಎತ್ತರದ ಡಬಲ್, 1 ಚೈನ್ ಎಂದಿದ್ದರೆ ಅದು ಬ್ರಿಟಿಷರ ಗಿಡ್ಡ ಡಬಲ್.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯೋಣ? ‘ಡಬಲ್’ ಎಂದು ಬರೆಯುವುದಕ್ಕೆ ನನ್ನ ಆಕ್ಷೇಪವಿದೆ. ‘ಎರಡು ಡಬಲ್ ಹಾಕಿ’ ಎಂದಾಗ ಹೊಸದಾಗಿ ಕಲಿಯುತ್ತಿರುವವರು ಎರಡೋ ನಾಲ್ಕೋ ಎಂದು ಒಂದು ಕ್ಷಣ ನಿಲ್ಲುತ್ತಾರೆ, ಆ ಒಂದು ಕ್ಷಣದಲ್ಲಿ ಎಣಿಕೆ ತಪ್ಪುತ್ತದೆ. ಮರಾಠಿ ಮಾತನಾಡುವ ಮನೆಗಳಲ್ಲಿ ಚೈನಿಗೆ ‘ಸಾಖಳಿ’ ಎಂದೂ ಈ ಎತ್ತರದ ಸ್ಟಿಚ್ಚಿಗೆ ‘ಖಾಂಬ್’ ಎಂದೂ ಹೇಳುತ್ತಾರೆ. ನಮ್ಮ ಗುಂಪಿನಲ್ಲಿರುವ ಬೆಳಗಾವಿ ಕಡೆಯವರೊಬ್ಬರ ಬಾಯಿಂದ ಆ ಮಾತು ಬಂದಾಗ, ಸಾಲಿನ ಮೇಲೆ ನೆಟ್ಟಗೆ ನಿಂತಿರುವ ಆ ಸ್ಟಿಚ್ಚಿಗೆ ‘ಕಂಬ’ ಎನ್ನುವುದಕ್ಕಿಂತ ಒಳ್ಳೆಯ ಹೆಸರಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಅಂದಿನಿಂದ ನನ್ನ ಹಾಳೆಗಳಲ್ಲಿ ಅಮೆರಿಕದ ಡಬಲ್ ಎಂದರೆ ‘ಕಂಬ’, ಹಾಫ್ ಡಬಲ್ ಎಂದರೆ ‘ಅರೆಗಂಬ’, ಟ್ರೆಬಲ್ ಎಂದರೆ ‘ಉದ್ದಗಂಬ’. ಚೈನ್, ಸಿಂಗಲ್, ಸ್ಲಿಪ್ ಸ್ಟಿಚ್, ಮ್ಯಾಜಿಕ್ ರಿಂಗ್ (ಎಳೆದು ಬಿಗಿಮಾಡಬಹುದಾದ ಆರಂಭದ ದಾರದ ಉಂಗುರ) ಇವು ಎಲ್ಲರ ಬಾಯಲ್ಲೂ ಹಾಗೆಯೇ ಇರುವುದರಿಂದ ಅವುಗಳನ್ನು ಮುಟ್ಟಿಲ್ಲ. ನೀವು ಬೇರೆ ಹೆಸರನ್ನೇ ಇಟ್ಟುಕೊಳ್ಳಬಹುದು. ಆದರೆ ಪ್ರತಿ ಹೆಸರಿನ ಮುಂದೆ, ಸ್ಟಿಚ್ಚನ್ನು ಹಾಕುವ ಬಗೆಯನ್ನು ಒಂದು ವಾಕ್ಯದಲ್ಲಿ ಹೇಳಿ: ‘ಕಂಬ: ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಸ್ಟಿಚ್ಚಿನೊಳಗೆ ತೂರಿಸಿ ದಾರ ಎಳೆದು, ಎರಡೆರಡು ಕುಣಿಕೆಗಳನ್ನು ಎರಡು ಸಲ ದಾಟಿಸುವುದು.’ ಹೆಸರು ಬದಲಾದರೂ ಈ ವಾಕ್ಯ ಮೋಸ ಮಾಡುವುದಿಲ್ಲ.

ಕುಚ್ಚು ಹಾಕುವವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ‘4 ಚೈನ್, ಲಾಕ್’ ಎಂಬ ಮಾತು ಕುಚ್ಚಿನ ಕೆಲಸದಲ್ಲಿ ದಿನವೂ ಕೇಳಿಬರುತ್ತದೆ. ಆದರೆ ಒಬ್ಬರ ಲಾಕ್ ಸ್ಲಿಪ್ ಸ್ಟಿಚ್ ಆಗಿರುತ್ತದೆ, ಇನ್ನೊಬ್ಬರದು ಸಿಂಗಲ್ ಆಗಿರುತ್ತದೆ. ಎದುರು ಕುಳಿತು ತೋರಿಸುವಾಗ ಇದರಿಂದ ತೊಂದರೆಯಿಲ್ಲ, ಬರೆಯುವಾಗ ಇದೆ.

ಎರಡನೆಯ ಹೆಜ್ಜೆ: ಕಡ್ಡಿ, ದಾರ, ಬಿಗಿತ

ಕಡ್ಡಿಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯಿರಿ, ನಂಬರಿನಲ್ಲಿ ಬೇಡ. ಚಿಕ್ಕಪೇಟೆಯ ಅಂಗಡಿಯಲ್ಲಿ ‘8ನೇ ನಂಬರ್ ಕಡ್ಡಿ ಕೊಡಿ’ ಎಂದು ಕೇಳಿದರೆ ಆ ಒಂದು ನಂಬರಿಗೆ ಮೂರು ಕಡ್ಡಿಗಳು ಹೊಂದುತ್ತವೆ: ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 8 ಎಂದರೆ 4 ಮಿ.ಮೀ., ಅಮೆರಿಕದ ‘ಎಚ್-8’ ಎಂದರೆ 5 ಮಿ.ಮೀ., ಅದೇ ಅಮೆರಿಕದ ಸಣ್ಣ ಉಕ್ಕಿನ ಕಡ್ಡಿಗಳಲ್ಲಿ 8 ಎಂದರೆ ಸುಮಾರು 1.5 ಮಿ.ಮೀ. ಉಕ್ಕಿನ ಕಡ್ಡಿಗಳಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣದು. ನೂಲಿನ ದಾರದಲ್ಲೂ ಹೀಗೆಯೇ: 40ನೇ ನಂಬರಿನ ಕ್ರೋಶಾ ದಾರ 20ನೇ ನಂಬರಿನದಕ್ಕಿಂತ ತೆಳು.

ದಾರದ ವಿಷಯದಲ್ಲಿ ಬ್ರ್ಯಾಂಡಿನ ಹೆಸರು, ಬಣ್ಣದ ಸಂಖ್ಯೆ ಬರೆದರೆ ಸಾಲದು. ಆ ದಾರ ನಾಳೆ ಅಂಗಡಿಯಲ್ಲಿ ಸಿಗದಿರಬಹುದು. ‘8 ಪ್ಲೈ ಹತ್ತಿ ದಾರ’ ಎನ್ನುವುದು ಸ್ವಲ್ಪ ಮೇಲು, ಆದರೂ ಎರಡು ಕಂಪನಿಗಳ 8 ಪ್ಲೈ ಒಂದೇ ದಪ್ಪವಿರುತ್ತದೆ ಎನ್ನುವಂತಿಲ್ಲ. 100 ಗ್ರಾಮಿಗೆ ಎಷ್ಟು ಮೀಟರ್ ಎಂದು ಉಂಡೆಯ ಲೇಬಲ್ಲಿನಿಂದ ಎತ್ತಿ ಬರೆದರೆ, ಬೇರೆ ದಾರ ಕೊಳ್ಳುವವರು ಹೋಲಿಸಿ ನೋಡಲು ಸಾಧ್ಯವಾಗುತ್ತದೆ. ಎಷ್ಟು ದಾರ ಬೇಕು ಎಂಬುದನ್ನು ಊಹಿಸಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಉಂಡೆಯನ್ನು ಆರಂಭಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ ವ್ಯತ್ಯಾಸವನ್ನು ಬರೆಯಿರಿ. ಬೆಂಗಳೂರಿನಲ್ಲಿ ಮಗುವಿನ ಬಟ್ಟೆಗೆ ನಾನು ಹತ್ತಿ ದಾರವನ್ನೇ ಆರಿಸುತ್ತೇನೆ. ಇಲ್ಲಿಯ ಚಳಿಗಾಲದ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ, ದಪ್ಪ ಉಲ್ಲನ್ನಿನ ಟೋಪಿ ಹಾಕಿದರೆ ಮಗು ಬೆವರುತ್ತದೆ.

ಬಿಗಿತದ ಅಳತೆಯನ್ನು ಬರೆಯದೆ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಮೇಜಿನ ಹಾಸಿಗೆ ಅದು ಇಲ್ಲದಿದ್ದರೂ ನಡೆದೀತು, ಮೈಗೆ ಹಾಕುವ ಯಾವುದಕ್ಕೂ ನಡೆಯದು. 10 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಚೌಕದಲ್ಲಿ ಎಷ್ಟು ಸ್ಟಿಚ್, ಎಷ್ಟು ಸಾಲು ಬಂದವು ಎಂದು ಬರೆಯಬೇಕು. ಮಾದರಿ ತುಂಡನ್ನು 10 ಸೆಂ.ಮೀ.ಗಿಂತ ದೊಡ್ಡದಾಗಿ ಹಾಕಿ, ಒಗೆದು ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ ಭಾಗವನ್ನು ಅಳೆಯುವುದು ಸರಿಯಾದ ಕ್ರಮ. ‘ನಿಮ್ಮ ಚೌಕದಲ್ಲಿ ಸ್ಟಿಚ್ಚುಗಳು ಹೆಚ್ಚಾಗಿ ಬಂದರೆ ಅರ್ಧ ಮಿ.ಮೀ. ದೊಡ್ಡ ಕಡ್ಡಿ ತೆಗೆದುಕೊಳ್ಳಿ, ಕಡಿಮೆ ಬಂದರೆ ಅರ್ಧ ಮಿ.ಮೀ. ಸಣ್ಣದು’ ಎಂಬ ಒಂದು ವಾಕ್ಯವನ್ನು ನಾನು ಪ್ರತಿ ಹಾಳೆಯಲ್ಲೂ ಸೇರಿಸುತ್ತೇನೆ.

ಮೂರನೆಯ ಹೆಜ್ಜೆ: ಸುತ್ತುಗಳನ್ನು ಬರೆಯುವುದು

ಇದು ಈ ಕೆಲಸದ ನಡುಮನೆ, ಇಲ್ಲಿ ನಿಧಾನವಾಗಿ ಸಾಗೋಣ. 40 ಸೆಂ.ಮೀ. ಸುತ್ತಳತೆಯ ತಲೆಯ ಮಗುವಿಗೆ ಒಂದು ಕುಲಾವಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಕಡ್ಡಿ 4 ಮಿ.ಮೀ., ದಾರ 8 ಪ್ಲೈ ಹತ್ತಿ, ಬಿಗಿತ 10 ಸೆಂ.ಮೀ.ಗೆ 16 ಕಂಬ, 8 ಸಾಲು. ನನ್ನ ಹಾಳೆಯಲ್ಲಿ ಅದು ಹೀಗಿದೆ:

1ನೇ ಸುತ್ತು: ಮ್ಯಾಜಿಕ್ ರಿಂಗ್ ಮಾಡಿ. 3 ಚೈನ್ (ಇದು 1 ಕಂಬಕ್ಕೆ ಸಮ, ಮುಂದಿನ ಎಲ್ಲ ಸುತ್ತುಗಳಲ್ಲೂ ಹೀಗೆಯೇ). ರಿಂಗಿನೊಳಗೆ 11 ಕಂಬ. ಮೊದಲಿನ 3ನೇ ಚೈನಿನ ತಲೆಗೆ ಸ್ಲಿಪ್ ಸ್ಟಿಚ್ ಹಾಕಿ ಸೇರಿಸಿ. = 12

2ನೇ ಸುತ್ತು: 3 ಚೈನ್. ಅದೇ ಸ್ಟಿಚ್ಚಿನಲ್ಲಿ 1 ಕಂಬ. ಉಳಿದ 11 ಸ್ಟಿಚ್ಚುಗಳಲ್ಲಿ ಎರಡೆರಡು ಕಂಬ. ಸೇರಿಸಿ. = 24

3ನೇ ಸುತ್ತು: 3 ಚೈನ್. ಮುಂದಿನ ಸ್ಟಿಚ್ಚಿನಲ್ಲಿ 2 ಕಂಬ. [ಮುಂದಿನ ಸ್ಟಿಚ್ಚಿನಲ್ಲಿ 1 ಕಂಬ, ನಂತರದ ಸ್ಟಿಚ್ಚಿನಲ್ಲಿ 2 ಕಂಬ] ಒಟ್ಟು 11 ಸಲ. ಸೇರಿಸಿ. = 36

4ನೇ ಸುತ್ತು: 3 ಚೈನ್. ಮುಂದಿನ ಸ್ಟಿಚ್ಚಿನಲ್ಲಿ 1 ಕಂಬ, ನಂತರದ ಸ್ಟಿಚ್ಚಿನಲ್ಲಿ 2 ಕಂಬ. [ಮುಂದಿನ 2 ಸ್ಟಿಚ್ಚುಗಳಲ್ಲಿ ಒಂದೊಂದು ಕಂಬ, ನಂತರದ ಸ್ಟಿಚ್ಚಿನಲ್ಲಿ 2 ಕಂಬ] ಒಟ್ಟು 11 ಸಲ. ಸೇರಿಸಿ. = 48

5ನೇ ಸುತ್ತು: 3 ಚೈನ್. ಮುಂದಿನ 2 ಸ್ಟಿಚ್ಚುಗಳಲ್ಲಿ ಒಂದೊಂದು ಕಂಬ, ನಂತರದ ಸ್ಟಿಚ್ಚಿನಲ್ಲಿ 2 ಕಂಬ. [ಮುಂದಿನ 3 ಸ್ಟಿಚ್ಚುಗಳಲ್ಲಿ ಒಂದೊಂದು ಕಂಬ, ನಂತರದ ಸ್ಟಿಚ್ಚಿನಲ್ಲಿ 2 ಕಂಬ] ಒಟ್ಟು 11 ಸಲ. ಸೇರಿಸಿ. = 60. ಇಲ್ಲಿಗೆ ಬಿಲ್ಲೆಯ ಅಗಲ ಸುಮಾರು 12 ಸೆಂ.ಮೀ.

6ರಿಂದ 12ನೇ ಸುತ್ತು: 3 ಚೈನ್. ಉಳಿದ 59 ಸ್ಟಿಚ್ಚುಗಳಲ್ಲಿ ಒಂದೊಂದು ಕಂಬ. ಸೇರಿಸಿ. = ಪ್ರತಿ ಸುತ್ತಿಗೂ 60. ಕೊನೆಯಲ್ಲಿ ನೆತ್ತಿಯಿಂದ ಅಂಚಿನವರೆಗೆ ಸುಮಾರು 15 ಸೆಂ.ಮೀ. ಇರುತ್ತದೆ. 15 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ, ತುದಿಯನ್ನು ದಬ್ಬಣದಿಂದ ಒಳಮೈಯಲ್ಲಿ ಹೆಣೆದು ಮುಚ್ಚಿ.

ಈಗ ಇದರ ಒಂದೊಂದು ಗುಣವನ್ನು ನೋಡೋಣ. ಮೊದಲನೆಯದಾಗಿ, ಎಲ್ಲಿ ಎಂಬುದು ಮುಂದೆ, ಏನು ಎಂಬುದು ಹಿಂದೆ ಬಂದಿದೆ. ಇಂಗ್ಲಿಷ್ ಪ್ಯಾಟರ್ನುಗಳಲ್ಲಿ ಮೊದಲು ಎಷ್ಟು ಕಂಬ ಎಂದು ಹೇಳಿ ಆಮೇಲೆ ಎಲ್ಲಿ ಎಂದು ಹೇಳುತ್ತಾರೆ. ಅದೇ ಕ್ರಮವನ್ನು ಕನ್ನಡಕ್ಕೆ ತಂದು ‘2 ಕಂಬ ಮುಂದಿನ ಸ್ಟಿಚ್ಚಿನಲ್ಲಿ’ ಎಂದು ಬರೆದ ಹಾಳೆಗಳನ್ನು ನಾನು ಕಂಡಿದ್ದೇನೆ. ಹಾಗೆ ಬರೆಯುವ ಅಗತ್ಯವೇ ಇಲ್ಲ. ಕಡ್ಡಿಯೂ ಮೊದಲು ಜಾಗವನ್ನು ಹುಡುಕಿ ಆಮೇಲೆ ಕೆಲಸ ಮಾಡುತ್ತದೆ. ನಮ್ಮ ಭಾಷೆಯ ಸಹಜ ಕ್ರಮವೂ ಅದೇ. ಕೈಯೂ ವಾಕ್ಯವೂ ಒಂದೇ ದಾರಿಯಲ್ಲಿ ನಡೆಯುವ ಈ ಅನುಕೂಲವನ್ನು ಕಳೆದುಕೊಳ್ಳಬಾರದು.

ಎರಡನೆಯದು ಇನ್ನೂ ಬೆಲೆಯುಳ್ಳದ್ದು. ‘ಮುಂದಿನ 3 ಸ್ಟಿಚ್ಚುಗಳಲ್ಲಿ 2 ಕಂಬ’ ಎಂದು ಬರೆದರೆ ಒಟ್ಟು ಎರಡೋ ಆರೋ ಎಂಬ ಅನುಮಾನ ಉಳಿಯುತ್ತದೆ. ‘ಮುಂದಿನ 3 ಸ್ಟಿಚ್ಚುಗಳಲ್ಲಿ ಎರಡೆರಡು ಕಂಬ’ ಎಂದರೆ ಆರು, ಬೇರೆ ಅರ್ಥಕ್ಕೆ ಎಡೆಯೇ ಇಲ್ಲ. ಒಂದೊಂದು, ಎರಡೆರಡು, ಮೂರುಮೂರು ಎಂಬ ಜೋಡಿ ಮಾತುಗಳು ನಮ್ಮಲ್ಲಿ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗಿನಿಂದ ಬಳಕೆಯಲ್ಲಿವೆ. ‘ಎಲ್ಲರಿಗೂ ಎರಡೆರಡು ಹಾಕಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಇಲ್ಲಿ ಅಂಕಿಗಿಂತ ಅಕ್ಷರವೇ ಸ್ಪಷ್ಟ ಎಂಬ ಕಾರಣಕ್ಕೆ, ಹಂಚಿ ಹಾಕಬೇಕಾದಲ್ಲಿ ಅಕ್ಷರದಲ್ಲೂ ಉಳಿದ ಕಡೆ ಅಂಕಿಯಲ್ಲೂ ಬರೆಯುತ್ತೇನೆ.

ಸ್ಟಿಚ್ಚಿನ ತಲೆಗೆ ಕಡ್ಡಿ ತೂರಿಸುವುದಕ್ಕೂ ಚೈನಿನ ಕೆಳಗಿನ ಖಾಲಿ ಜಾಗಕ್ಕೆ ತೂರಿಸುವುದಕ್ಕೂ ವ್ಯತ್ಯಾಸವಿದೆ. ಈ ಕುಲಾವಿಯಲ್ಲಿ ಖಾಲಿ ಜಾಗಗಳಿಲ್ಲ. ಜಾಲಿಯ ವಿನ್ಯಾಸದಲ್ಲಿ ಇದ್ದರೆ ಒಂದನ್ನು ‘ಸ್ಟಿಚ್ಚಿನಲ್ಲಿ’ ಎಂದೂ ಇನ್ನೊಂದನ್ನು ‘ಸಂದಿನಲ್ಲಿ’ ಎಂದೂ ಕಟ್ಟುನಿಟ್ಟಾಗಿ ಬೇರೆ ಮಾಡಿ ಬರೆಯಬೇಕು.

ಆರಂಭದ 3 ಚೈನ್ ಒಂದು ಕಂಬವೆಂದು ಲೆಕ್ಕಕ್ಕೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಹೇಳದೆ ಬಿಡುವುದು, ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಕಣ್ಣೀರು ತರಿಸಿದ ತಪ್ಪು. ಹಿಂದಿನ ವರ್ಷ ನಾನು ಬರೆದ ಮೊದಲ ಕರಡಿನಲ್ಲಿ ಆವರಣದ ಆ ಮಾತು ಇರಲಿಲ್ಲ. ಮೊದಲ ಮೊಮ್ಮಗುವಿಗೆಂದು ಹಾಕುತ್ತಿದ್ದ ನೆರೆಮನೆಯವರೊಬ್ಬರು 6ನೇ ಸುತ್ತಿನಿಂದ ಮುಂದೆ 3 ಚೈನ್ ಏರಿಸಿ, ಅದರ ಬುಡದ ಸ್ಟಿಚ್ಚಿನಲ್ಲೂ ಒಂದು ಕಂಬ ಹಾಕಿ, ಸುತ್ತಿನ ಕೊನೆಯಲ್ಲಿ ಚೈನಿನ ತಲೆಗೆ ಸೇರಿಸಿ, ಮುಂದಿನ ಸುತ್ತಿನಲ್ಲಿ ಎಲ್ಲದರ ಮೇಲೂ ಕಂಬ ಹಾಕುತ್ತ ಹೋದರು. ಸುತ್ತಿಗೆ ಒಂದರಂತೆ ಸ್ಟಿಚ್ ಹೆಚ್ಚಿ, 12ನೇ ಸುತ್ತಿಗೆ 60 ಇರಬೇಕಾದಲ್ಲಿ 67 ಆಗಿತ್ತು, 37.5 ಸೆಂ.ಮೀ. ಇರಬೇಕಾದ ಅಂಚು 42 ಸೆಂ.ಮೀ.ಗೆ ಹತ್ತಿರವಾಗಿ ಕುಲಾವಿ ಗಂಟೆಯ ಬಾಯಿಯಂತೆ ಅಗಲಿಸಿತ್ತು. ಅವರ ಕೈಯಲ್ಲಿ ದೋಷವಿರಲಿಲ್ಲ. ನನ್ನ ಹಾಳೆಯಲ್ಲಿ ಎರಡು ಮಾತು ಕಡಿಮೆಯಿತ್ತು.

ಅದೇ ಕಾರಣಕ್ಕೆ ಪ್ರತಿ ಸುತ್ತಿನ ಕೊನೆಯಲ್ಲಿ ಒಟ್ಟು ಎಣಿಕೆ ಇರಬೇಕು. ಹಾಗಿದ್ದಿದ್ದರೆ ಅವರಿಗೆ 6ನೇ ಸುತ್ತಿನಲ್ಲಿಯೇ 61 ಎಂದು ತಿಳಿದು, ಒಂದು ಸುತ್ತು ಬಿಚ್ಚಿದರೆ ಮುಗಿಯುತ್ತಿತ್ತು. ಎಣಿಕೆ ಬರೆಯದ ಪ್ಯಾಟರ್ನನ್ನು, ಅದು ಎಷ್ಟೇ ಸುಂದರವಾಗಿರಲಿ, ನಾನು ಈಗ ಕೈಗೆತ್ತಿಕೊಳ್ಳುವುದಿಲ್ಲ. ಉದ್ದ ಅಗಲವನ್ನೂ ನಡುನಡುವೆ ಹೇಳಿದರೆ ಇನ್ನೂ ಒಳ್ಳೆಯದು, ಏಕೆಂದರೆ ಎಣಿಕೆ ಸರಿಯಿದ್ದೂ ಬಿಗಿತ ತಪ್ಪಿದವರಿಗೆ ಅಳತೆಯ ಪಟ್ಟಿಯೇ ಸಾಕ್ಷಿ.

ಮತ್ತೆ ಮತ್ತೆ ಹಾಕಬೇಕಾದ ಭಾಗಕ್ಕೆ ಚೌಕ ಆವರಣವನ್ನು ಬಳಸಿ, ಅದರ ಮುಂದೆ ‘ಒಟ್ಟು ಇಷ್ಟು ಸಲ’ ಎಂದು ಬರೆಯಿರಿ. ಇಂಗ್ಲಿಷಿನ ರೂಢಿಯಂತೆ ನಕ್ಷತ್ರದ ಗುರುತು ಹಾಕಿ ‘ನಕ್ಷತ್ರದಿಂದ ಮತ್ತೆ 11 ಸಲ’ ಎಂದು ಬರೆದರೆ, ಮೊದಲು ಹಾಕಿದ್ದು ಆ 11ರಲ್ಲಿ ಸೇರಿದೆಯೇ ಇಲ್ಲವೇ ಎಂಬ ಪ್ರಶ್ನೆ ಏಳುತ್ತದೆ; ‘ಒಟ್ಟು’ ಎಂಬ ಮಾತು ಆ ಪ್ರಶ್ನೆಯನ್ನು ಹುಟ್ಟಗೊಡುವುದಿಲ್ಲ. ನಕ್ಷತ್ರವನ್ನು ಬಿಡಲು ಇನ್ನೊಂದು ಕಾರಣವೂ ಇದೆ. ನಮ್ಮ ಪ್ಯಾಟರ್ನುಗಳು ಹೆಚ್ಚಾಗಿ ಓಡಾಡುವುದು ವಾಟ್ಸ್ಆ್ಯಪಿನಲ್ಲಿ, ಅಲ್ಲಿ ಎರಡು ನಕ್ಷತ್ರಗಳ ನಡುವಿನ ಬರಹ ದಪ್ಪಕ್ಷರವಾಗಿ ಬದಲಾಗಿ ನಕ್ಷತ್ರಗಳೇ ಕಣ್ಣಿಗೆ ಕಾಣದಂತಾಗುತ್ತವೆ. ಓದುವವರಿಗೆ ಒಂದಷ್ಟು ದಪ್ಪ ಅಕ್ಷರ ಕಾಣುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಮರುಕಳಿಸಬೇಕೆಂಬುದು ಕಾಣುವುದಿಲ್ಲ.

ಸಂಕ್ಷೇಪಗಳ ಬಗ್ಗೆ ನನ್ನ ನಿಲುವು ಸರಳ. ‘ಕಂ’, ‘ಚೈ’, ‘ಸ್ಲಿ’ ಎಂದು ಮೊಟಕುಗೊಳಿಸಿದರೆ ಉಳಿಯುವುದು ಒಂದೆರಡು ಅಕ್ಷರದ ಜಾಗ ಮಾತ್ರ. ‘ಕಂಬ’ ಎನ್ನುವುದೇ ಎರಡಕ್ಷರದ ಮಾತು. ಮೊಟಕು ಮಾಡದೆ ಬರೆಯುವುದು ನನಗೆ ಇಷ್ಟ. ದೊಡ್ಡ ಸ್ವೆಟರ್ ಬರೆಯುವವರು ಬೇರೆ ತೀರ್ಮಾನಕ್ಕೆ ಬಂದರೆ ಅದಕ್ಕೂ ನ್ಯಾಯವಿದೆ.

ಲೆಕ್ಕವನ್ನು ಹಾಳೆಯ ಮೇಲೆಯೇ ಒಮ್ಮೆ ಪರೀಕ್ಷಿಸಿ

ಬರೆದ ಮೇಲೆ ಪೆನ್ಸಿಲ್ ಹಿಡಿದು ಪ್ರತಿ ಸುತ್ತನ್ನೂ ಎರಡು ಬಗೆಯಲ್ಲಿ ಕೂಡಿಸಿ ನೋಡಿ: ಆ ಸುತ್ತು ಕೆಳಗಿನ ಎಷ್ಟು ಸ್ಟಿಚ್ಚುಗಳನ್ನು ಬಳಸಿತು, ಮೇಲೆ ಎಷ್ಟನ್ನು ಕೊಟ್ಟಿತು. 4ನೇ ಸುತ್ತಿನಲ್ಲಿ ಮೊದಲ ತುಂಡು 3 ಸ್ಟಿಚ್ ಬಳಸಿ 4 ಕೊಡುತ್ತದೆ, ಆವರಣದ ತುಂಡೂ ಹಾಗೆಯೇ. 12 ತುಂಡುಗಳಿಗೆ 36 ಖರ್ಚು, 48 ಆದಾಯ. ಖರ್ಚು ಹಿಂದಿನ ಸುತ್ತಿನ ಎಣಿಕೆಗೆ ಸಮನಾಗದಿದ್ದರೆ ಬರವಣಿಗೆಯಲ್ಲಿ ತಪ್ಪಿದೆ ಎಂದೇ ಅರ್ಥ.

ಚಪ್ಪಟೆಯಾದ ಬಿಲ್ಲೆಗೆ ಕಂಬದಲ್ಲಾದರೆ ಸುತ್ತಿಗೆ ಸುಮಾರು 12, ಸಿಂಗಲ್‌ನಲ್ಲಾದರೆ ಸುಮಾರು 6 ಸ್ಟಿಚ್ ಹೆಚ್ಚಿಸಬೇಕೆಂಬುದು ಎಲ್ಲರೂ ಅನುಸರಿಸುವ ಕ್ರಮ. ಸ್ಟಿಚ್ ಎತ್ತರವಾದಷ್ಟೂ ಪ್ರತಿ ಸುತ್ತಿಗೆ ಬಿಲ್ಲೆಯ ತ್ರಿಜ್ಯ ಹೆಚ್ಚು ಬೆಳೆಯುತ್ತದೆ, ಸುತ್ತಳತೆಯೂ ಅದಕ್ಕೆ ತಕ್ಕಂತೆ ಹೆಚ್ಚು ಬೇಡುತ್ತದೆ. ಕಡಿಮೆ ಹೆಚ್ಚಿಸಿದರೆ ಬಿಲ್ಲೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ಅಲೆಯಲೆಯಾಗುತ್ತದೆ. ನಮ್ಮ ಕುಲಾವಿಯಲ್ಲಿ 60 ಕಂಬವನ್ನು 16ರಿಂದ ಭಾಗಿಸಿ 10ರಿಂದ ಗುಣಿಸಿದರೆ 37.5 ಸೆಂ.ಮೀ.; ತಲೆ 40 ಸೆಂ.ಮೀ. ಇರುವುದರಿಂದ ಕುಲಾವಿ ಸ್ವಲ್ಪ ಹಿಗ್ಗಿ ತಲೆಯನ್ನು ಹಿಡಿದು ಕೂರುತ್ತದೆ.

ಹಲವು ಅಳತೆಗಳಿದ್ದರೆ ‘60 (66, 72)’ ಎಂದು ಒಂದೇ ಸಾಲಿನಲ್ಲಿ ತುರುಕುವ ರೂಢಿಯಿದೆ. ನನಗೆ ಅದು ಹಿಡಿಸದು. ಕಣ್ಣು ಪ್ರತಿ ಸಲವೂ ಆವರಣದೊಳಗೆ ತನ್ನ ಅಂಕಿಯನ್ನು ಹುಡುಕಬೇಕು. ಅಳತೆಗೊಂದು ಹಾಳೆ ಮಾಡಿ. 66 ಬೇಕಾದವರ ಹಾಳೆಯ 6ನೇ ಸುತ್ತಿನಲ್ಲಿ ಪ್ರತಿ 10ನೇ ಸ್ಟಿಚ್ಚಿನಲ್ಲಿ 2 ಕಂಬ, 72 ಬೇಕಾದವರ ಹಾಳೆಯಲ್ಲಿ ಪ್ರತಿ 5ನೇ ಸ್ಟಿಚ್ಚಿನಲ್ಲಿ 2 ಕಂಬ. ವ್ಯತ್ಯಾಸ ಅಷ್ಟೇ.

ಕುಚ್ಚು, ತೋರಣ ಮುಂತಾದ ಉದ್ದದ ಅಂಚುಗಳಿಗೆ ಒಟ್ಟು ಎಣಿಕೆಗಿಂತ ಗುಣಕವೇ ಮುಖ್ಯ, ಏಕೆಂದರೆ ಸೆರಗಿನ ಅಗಲ ಸೀರೆಯಿಂದ ಸೀರೆಗೆ ಬದಲಾಗುತ್ತದೆ. ‘ಈ ವಿನ್ಯಾಸಕ್ಕೆ 6ರ ಗುಣಕ, ಜೊತೆಗೆ 1’ ಎಂದು ಬರೆದು, ಲೆಕ್ಕ ಮಾಡಿ ತೋರಿಸಿ: ಸೆರಗು 115 ಸೆಂ.ಮೀ. ಇದ್ದು ಸೆಂ.ಮೀ.ಗೆ 3 ಸಿಂಗಲ್ ಕೂತರೆ 345. ಅದಕ್ಕೆ ಹತ್ತಿರದ ಸಂಖ್ಯೆ 57 ಸಲ 6, ಜೊತೆಗೆ 1, ಅಂದರೆ 343. ಎರಡು ಸ್ಟಿಚ್ಚಿನ ಕೊರತೆಯನ್ನು ಅಂಚಿನುದ್ದಕ್ಕೂ ಹಂಚಿಬಿಟ್ಟರೆ ಯಾರ ಕಣ್ಣಿಗೂ ಬೀಳದು.

ಚಿತ್ರ ಬೇಕೇ, ಬರಹ ಬೇಕೇ

ಚಿಹ್ನೆಗಳ ನಕ್ಷೆಯನ್ನು ಜಪಾನಿನ ಕ್ರೋಶಾ ಪುಸ್ತಕಗಳು ಬಹಳ ಅಚ್ಚುಕಟ್ಟಾಗಿ ಬಳಸುತ್ತವೆ. ಜಪಾನಿ ಭಾಷೆಯ ಒಂದಕ್ಷರವೂ ಬಾರದವರು ಆ ಪುಸ್ತಕ ನೋಡಿ ಹಾಸು ಹಾಕುತ್ತಾರೆ. ಮೊಟ್ಟೆಯಾಕಾರ ಚೈನ್, ತುಂಬಿದ ಚುಕ್ಕಿ ಸ್ಲಿಪ್ ಸ್ಟಿಚ್, ಗುಣಾಕಾರದ ಅಥವಾ ಸಂಕಲನದ ಗುರುತು ಸಿಂಗಲ್. ನೆಟ್ಟಗಿನ ಗೆರೆಯ ತಲೆಗೆ ಅಡ್ಡಪಟ್ಟಿ ಇದ್ದರೆ ಅರೆಗಂಬ, ಅದರ ನಡುವೆ ಒಂದು ಓರೆಗೆರೆ ಎಳೆದರೆ ಕಂಬ, ಎರಡು ಎಳೆದರೆ ಉದ್ದಗಂಬ. ಕಂಬ, ಉದ್ದಗಂಬಗಳಲ್ಲಿ ಓರೆಗೆರೆಯ ಸಂಖ್ಯೆ ಕಡ್ಡಿಗೆ ಮೊದಲು ಹಾಕುವ ದಾರದ ಸುತ್ತುಗಳ ಸಂಖ್ಯೆಯೇ ಆಗಿರುವುದು ನೆನಪಿಡಲು ಸುಲಭ. ಬಿಲ್ಲೆಯ ನಕ್ಷೆಯನ್ನು ನಡುವಿನಿಂದ ಹೊರಕ್ಕೆ, ಬಲಗೈಯವರು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಓದಬೇಕು. ಸಾಲುಗಳ ನಕ್ಷೆಯಲ್ಲಿ ಮುಮ್ಮುಖದ ಸಾಲು ಬಲದಿಂದ ಎಡಕ್ಕೆ, ಹಿಮ್ಮುಖದ್ದು ಎಡದಿಂದ ಬಲಕ್ಕೆ. ಎಡಗೈಯವರಿಗೆ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊಡುವುದು ಫೋನಿನಲ್ಲಿ ಒಂದು ಒತ್ತಿನ ಕೆಲಸ, ದಯವಿಟ್ಟು ಮಾಡಿಕೊಡಿ.

ತೋರಣ, ಹಾಸು, ಜಾಲಿ ಇವುಗಳಿಗೆ ನಾನು ನಕ್ಷೆಯನ್ನೇ ಮೆಚ್ಚುತ್ತೇನೆ. ಯಾವ ಕಂಬ ಯಾವುದರ ನೆತ್ತಿಯ ಮೇಲೆ ನಿಲ್ಲುತ್ತದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಕುಲಾವಿ, ಕಾಲುಚೀಲ, ಗೊಂಬೆಗಳಿಗೆ ಬರಹವೇ ಸರಿ, ಏಕೆಂದರೆ ಉಬ್ಬಿ ನಿಲ್ಲುವ ವಸ್ತುವನ್ನು ಕಾಗದದ ಮೇಲೆ ಚಪ್ಪಟೆ ಮಾಡಿದಾಗ ನಕ್ಷೆ ಹಿಗ್ಗಿ ಓದಲಾಗದಂತಾಗುತ್ತದೆ. ವಿಡಿಯೊ ಕೈಯ ಚಲನೆಯನ್ನು ಕಲಿಸಲು ಎಲ್ಲಕ್ಕಿಂತ ಮೇಲು. ಆದರೆ 9ನೇ ಸುತ್ತಿನಲ್ಲಿ ಎಷ್ಟಿರಬೇಕು ಎಂದು ತಿಳಿಯಲು ಅದನ್ನು ಹಿಂದೆ ಮುಂದೆ ಎಳೆದಾಡಬೇಕಾಗುತ್ತದೆ, ಹಾಗಾಗಿ ಅದು ಹಾಳೆಯ ಜೊತೆಗಿರಲಿ, ಹಾಳೆಯ ಬದಲಿಗೆ ಬೇಡ.

ಪುಟದ ಮೇಲಿನ ರೂಪ

ಒಂದು ಸುತ್ತಿಗೆ ಒಂದು ಸಾಲು, ಎರಡು ಸುತ್ತುಗಳ ನಡುವೆ ಸ್ವಲ್ಪ ಜಾಗ. ಎಣಿಕೆ ಪ್ರತಿ ಬಾರಿಯೂ ಸಾಲಿನ ಕೊನೆಯಲ್ಲಿಯೇ ಬರಲಿ. ಎಡ ಅಂಚಿನಲ್ಲಿ ಚಿಕ್ಕ ಚೌಕವಿದ್ದರೆ ಮುಗಿದ ಸುತ್ತಿಗೆ ಗುರುತು ಹಾಕಬಹುದು; 6ರಿಂದ 12ರಂಥ ಒಂದೇ ಬಗೆಯ ಸುತ್ತುಗಳಿಗೂ ಏಳು ಚೌಕಗಳನ್ನು ಬಿಡಿಬಿಡಿಯಾಗಿ ಕೊಡಿ. ಅಕ್ಷರ ದೊಡ್ಡದಿರಲಿ, ಕನ್ನಡದ ಒತ್ತಕ್ಷರಗಳು ಸಣ್ಣ ಅಚ್ಚಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆಟ್ರೊದಲ್ಲಿ ಕುಳಿತು ಹಾಕುವವರು ಫೋನಿನಲ್ಲಿ ಓದುತ್ತಾರೆ, ಮನೆಯಲ್ಲಿ ಹಾಕುವ ಹಿರಿಯರು ಕಾಗದವನ್ನೇ ಬಯಸುತ್ತಾರೆ. ಅಗಲದ ಪಟ್ಟಿಗಳಿಲ್ಲದ ಸರಳ ಪಠ್ಯ ಎರಡಕ್ಕೂ ಹೊಂದುತ್ತದೆ.

ಕೊನೆಯ ಹೆಜ್ಜೆ: ಇನ್ನೊಬ್ಬರ ಕೈಗೆ ಕೊಡುವುದು

ನೀವು ಬರೆದದ್ದನ್ನು ನೀವೇ ಓದಿ ಹಾಕಿದರೆ ತಪ್ಪು ಸಿಗುವುದಿಲ್ಲ, ನಿಮ್ಮ ಕೈಗೆ ಮೊದಲೇ ಎಲ್ಲ ಗೊತ್ತಿರುತ್ತದೆ. ಆ ವಸ್ತುವನ್ನು ಕಂಡಿರದ ಒಬ್ಬರಿಗೆ ಹಾಳೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಅವರು ಕೇಳಿದ ಪ್ರಶ್ನೆಗಳನ್ನು ಮಾತ್ರವಲ್ಲ, ಕೇಳದೆ ಸಾಲನ್ನು ಎರಡನೆಯ ಸಲ ಓದಿದ ಕಡೆಗಳನ್ನೂ ಗುರುತು ಹಾಕಿಕೊಳ್ಳಿ. ಕುಲಾವಿಯ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದ ಪಿಯುಸಿ ಹುಡುಗಿಯೊಬ್ಬಳು 2ನೇ ಸುತ್ತಿನ ಮೇಲೆ ಬೆರಳಿಟ್ಟು, “ಅಕ್ಕಾ, ಉಳಿದ ಸ್ಟಿಚ್ಚು ಅಂದ್ರೆ ಎಷ್ಟು ಉಳಿದಿರುತ್ತೆ?” ಎಂದು ಕೇಳಿದಳು. ಆಗ ಆ ಸಾಲಿನಲ್ಲಿ ‘ಉಳಿದ ಸ್ಟಿಚ್ಚುಗಳಲ್ಲಿ’ ಎಂದಷ್ಟೇ ಇತ್ತು. 11 ಎಂಬ ಅಂಕಿ ಅಲ್ಲಿಗೆ ಸೇರಿದ್ದು ಅವಳ ಬೆರಳಿನಿಂದ.

ದುಡ್ಡು ಕೊಟ್ಟು ಕೊಂಡ ಪ್ಯಾಟರ್ನನ್ನು ಅನುವಾದಿಸಿ ಹಂಚಬೇಡಿ. ಅದು ಇನ್ನೊಬ್ಬರ ಬರವಣಿಗೆ. ಸ್ವಂತದ್ದನ್ನು ಹಂಚುವಾಗ ಕೆಳಗೆ ದಿನಾಂಕ ಹಾಕಿ, ಮುಂದೆ ತಿದ್ದಿದರೆ ಯಾವ ಸುತ್ತನ್ನು ತಿದ್ದಿದಿರಿ ಎಂದೂ ಸೇರಿಸಿ. ಫಾರ್ವರ್ಡ್ ಆದ ಹಳೆಯ ಪ್ರತಿಗಳು ಎಲ್ಲೆಲ್ಲೋ ಉಳಿದಿರುತ್ತವೆ, ಹೊಸದು ಯಾವುದೆಂದು ಗುರುತಿಸಲು ಬೇರೆ ದಾರಿಯಿಲ್ಲ. ನನ್ನ ಕುಲಾವಿಯ ಹಾಳೆ ಈಗ ನಾಲ್ಕನೆಯ ಪ್ರತಿ. ಅದರ ತಳದಲ್ಲಿ ‘1ನೇ ಸುತ್ತು: 3 ಚೈನ್ ಕಂಬಕ್ಕೆ ಸಮ ಎಂದು ಸೇರಿಸಿದೆ. 2ನೇ ಸುತ್ತು: 11 ಸೇರಿಸಿದೆ’ ಎಂದಿದೆ.